ಹದಿನಾರು ಇಟ್ಟಿಗೆಯ ಲೆಕ್ಕ

(ಪ್ರಾಣಿ ರಕ್ಷಣೆಯ ಕಾನೂನು ಬಿಗಿಯಾಗಬೇಕು ಎಂದು ಓಡಾಡುತ್ತಿರುವ ಗೆಳೆಯರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಅವತ್ತು ಹೊತ್ತು ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಗಳನ್ನೂ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಕತ್ತೆಯಿಂದ ಮಾತು ಶುರು ಮಾಡುತ್ತೇನೆ. ಮನೆ ಕಟ್ಟುತ್ತಿದ್ದ ಜಾಗ ಅದು. ಗಲ್ಲಿ ಚಿಕ್ಕದು, ಲಾರಿ ಒಳಗೆ ಬರುವುದಿಲ್ಲ. ದೊಡ್ಡ ರಸ್ತೆಯಲ್ಲಿ ಇಟ್ಟಿಗೆ ಇಳಿಸಿ, ಅಲ್ಲಿಂದ ಕತ್ತೆಗಳ ಮೇಲೆ ಹೇರಿಕೊಂಡು ಬರುತ್ತಿದ್ದರು. ನಾಲ್ಕು ಕತ್ತೆಗಳಿದ್ದವು. ಮೂರನೆಯದು ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ಏಟು ಬಿದ್ದ ಮೇಲೆ ಮತ್ತೆ ನಾಲ್ಕು ಹೆಜ್ಜೆ. ಹೊರೆ ಇಳಿಸುವಾಗ ಬೆನ್ನ ಮೇಲಿನ ಗೋಣಿತಾಟು ಸ್ವಲ್ಪ ಸರಿಯಿತು. ಅದರ ಕೆಳಗೆ ಅಂಗೈಯಗಲದ ಹುಣ್ಣು. ಗೋಣಿಯ ನಾರು ಹುಣ್ಣಿಗೆ ಅಂಟಿ ಒಣಗಿಹೋಗಿತ್ತು. ಅದನ್ನು ಎಳೆದಾಗ ಕತ್ತೆ ಅರಚಲಿಲ್ಲ, ಒದೆಯಲೂ ಇಲ್ಲ. ಬೆನ್ನಿನ ಚರ್ಮ ಮಾತ್ರ ಕೆರೆಯ ನೀರಿನ ಹಾಗೆ ಸಣ್ಣಗೆ ನಡುಗಿತು. ತಲೆ ತಗ್ಗಿಸಿ ನಿಂತೇ ಇತ್ತು.

ನಾನು ಇಟ್ಟಿಗೆ ಎಣಿಸಿದೆ. 36 ಇದ್ದವು.

ಎಣಿಸಿದ್ದಕ್ಕೆ ಕಾರಣವಿದೆ. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗೆಂದೇ ನಮ್ಮ ದೇಶದಲ್ಲಿ 1965ರ ನಿಯಮಗಳಿವೆ. ಅದರ ಪ್ರಕಾರ ಒಂದು ಕತ್ತೆಯ ಮೇಲೆ 50 ಕೆಜಿಗಿಂತ ಜಾಸ್ತಿ ಹೇರುವಂತಿಲ್ಲ. ಒಂದು ಸುಟ್ಟ ಇಟ್ಟಿಗೆ ಹೆಚ್ಚುಕಮ್ಮಿ 3 ಕೆಜಿ ತೂಗುತ್ತದೆ. ಅಂದರೆ 16 ಇಟ್ಟಿಗೆ, ಅಷ್ಟೇ. ಆ ಕತ್ತೆ ಹೊತ್ತಿದ್ದು ಅದರ ಎರಡರಷ್ಟಕ್ಕಿಂತ ಜಾಸ್ತಿ. ಅದೇ ನಿಯಮಗಳಲ್ಲಿ ಇನ್ನೂ ಏನೇನೋ ಇದೆ. ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಡುವು ಕೊಡದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸಕ್ಕೆ ಹಚ್ಚಬಾರದು. ಮೊದಲ ಸಲ ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು. ಯಾರೋ ಒಬ್ಬರು ಕೂತು, ಕತ್ತೆಗೆ ಎಷ್ಟು ಭಾರ, ಎತ್ತಿಗೆ ಎಷ್ಟು ಭಾರ, ಗಾಡಿಯ ಗಾಲಿಗೆ ರಬ್ಬರ್ ಟೈರ್ ಇದ್ದರೆ ಎಷ್ಟು, ಇಲ್ಲದಿದ್ದರೆ ಎಷ್ಟು ಎಂದು ಯೋಚಿಸಿ ಬರೆದಿದ್ದಾರಲ್ಲ ಅನ್ನಿಸಿತ್ತು.

ಹುಣ್ಣಾದ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮಿತಿ ಮೀರಿ ಹೊರೆ ಹೇರುವುದೂ ಅದೇ ಸೆಕ್ಷನ್‌ನಲ್ಲಿ ಬರುತ್ತದೆ. ಕೈಯಲ್ಲಿ ಫೋಟೋ ಇತ್ತು, ಎಣಿಕೆ ಇತ್ತು, ನಿಯಮದ ಪ್ರತಿಯೂ ಇತ್ತು. ಸ್ಟೇಷನ್ನಿಗೆ ಹೋದೆ.

ಅಲ್ಲಿದ್ದ ರೈಟರ್ ಒಳ್ಳೆಯ ಮನುಷ್ಯರು. ಕೂರಿಸಿ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಮೇಡಂ, ಇದು ಎನ್‌ಸಿ. ನಾವು ನೇರವಾಗಿ ಎಫ್‌ಐಆರ್ ಹಾಕೋಕೆ ಬರಲ್ಲ. ಮ್ಯಾಜಿಸ್ಟ್ರೇಟ್ ಪರ್ಮಿಷನ್ ಬೇಕು." ಎನ್‌ಸಿ ಅಂದರೆ ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಹಿಡಿಯುವಂತಿಲ್ಲ. ಅವರು ಹೇಳಿದ್ದು ಸುಳ್ಳಲ್ಲ. ಅಂಗ ಊನ ಮಾಡುವುದು, ಪ್ರಾಣಿಗಳ ಕಾಳಗಕ್ಕೆ ಜಾಗ ಇಟ್ಟುಕೊಳ್ಳುವುದು ಇಂಥ ಕೆಲವನ್ನು ಬಿಟ್ಟರೆ 11ನೇ ಸೆಕ್ಷನ್ನಿನ ಹಿಂಸೆಗಳೆಲ್ಲ ಎನ್‌ಸಿಯೇ. ಹೊಡೆಯುವುದು, ಉಪವಾಸ ಕೆಡಹುವುದು, ಹುಣ್ಣಿನ ಮೇಲೆ ಹೊರೆ ಹೇರುವುದು, ಗಿಡ್ಡ ಸರಪಳಿಯಲ್ಲಿ ವರ್ಷಗಟ್ಟಲೆ ಕಟ್ಟಿಹಾಕುವುದು, ಎಲ್ಲಾ.

ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಕೊಡಲು ವಕೀಲರನ್ನು ಹುಡುಕಿದೆ. ಒಂದು ರಜೆ, ಒಂದು ಮುಂದೂಡಿಕೆ, ಒಂದು ದಾಖಲೆ ಸಾಲದು ಅನ್ನುವ ಮಾತು. ಅಷ್ಟರಲ್ಲಿ ನನಗೆ ಗೊತ್ತಿಲ್ಲದ ಇನ್ನೊಂದು ಸೆಕ್ಷನ್ ಎದುರಾಯಿತು, 36. ಅಪರಾಧ ನಡೆದ ದಿನದಿಂದ 3 ತಿಂಗಳೊಳಗೆ ಪ್ರಕರಣ ಹೂಡದಿದ್ದರೆ ಆಮೇಲೆ ಹೂಡುವಂತೆಯೇ ಇಲ್ಲ. ನಮ್ಮ 3 ತಿಂಗಳು ಅಲ್ಲಿಗೆ ಮುಗಿದುಹೋಯಿತು.

ಸರಿ, ಮುಗಿಯದೇ ಇದ್ದಿದ್ದರೆ? ಗೆದ್ದಿದ್ದರೆ? ಮೊದಲ ಸಲದ ತಪ್ಪಿಗೆ ಕಾಯ್ದೆ ಹೇಳುವ ದಂಡ 10 ರೂಪಾಯಿಗೆ ಕಮ್ಮಿ ಇಲ್ಲದಂತೆ, 50 ರೂಪಾಯಿ ಮೀರದಂತೆ. 3 ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ 3 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಈ 50 ರೂಪಾಯಿಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಈ ಮಾತು ಬಂದ ಕೂಡಲೇ ಎಲ್ಲರೂ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅದನ್ನು ಬರೆದವರು ಪ್ರಾಣಿಗಳನ್ನು ಹಗುರವಾಗಿ ಕಂಡವರಲ್ಲ. 1960ರಲ್ಲಿ 10 ಗ್ರಾಂ ಚಿನ್ನಕ್ಕೆ ಸುಮಾರು 110 ರೂಪಾಯಿ ಇತ್ತು. ಅಂದರೆ ಅವತ್ತಿನ 50 ರೂಪಾಯಿಗೆ ನಾಲ್ಕು ಗ್ರಾಂಗೂ ಮಿಕ್ಕಿ ಚಿನ್ನ ಬರುತ್ತಿತ್ತು. ಗಾಡಿ ಹೊಡೆಯುವವನಿಗೆ, ಅವನ ಯಜಮಾನನಿಗೂ, ಅದು ಬಿಸಿ ಮುಟ್ಟಿಸುವ ಮೊತ್ತವೇ. ಇವತ್ತು ಅದೇ ಚಿನ್ನದ ಬೆಲೆ ಎಷ್ಟಾಗಿದೆ ಅಂತ ನಿಮಗೇ ಗೊತ್ತು. ಕಾಯ್ದೆಯಲ್ಲಿ ಅಂಕಿ ಮಾತ್ರ ಹಾಗೇ ಕೂತಿದೆ.

ಆ ಕಾಯ್ದೆ ಸುಮ್ನೆ ಬಂದದ್ದೂ ಅಲ್ಲ. ಭರತನಾಟ್ಯಕ್ಕೆ ಹೆಸರಾದ ರುಕ್ಮಿಣಿ ದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡರು. ಒಬ್ಬ ಕಲಾವಿದೆ ಕಲೆಯ ಬಗ್ಗೆ ಮಾತಾಡುತ್ತಾರೆ ಎಂದುಕೊಂಡರೆ, ಅವರು ಪ್ರಾಣಿ ಹಿಂಸೆ ತಡೆಯುವ ಖಾಸಗಿ ಮಸೂದೆ ತಂದರು. ಆಗ ಬ್ರಿಟಿಷರ ಕಾಲದ 1890ರ ಕಾಯ್ದೆ ನಡೆಯುತ್ತಿತ್ತು. ಪ್ರಧಾನಿ ನೆಹರೂ ಮಸೂದೆ ಹಿಂತೆಗೆದುಕೊಳ್ಳಿ, ಸರ್ಕಾರವೇ ಒಂದು ಕಾಯ್ದೆ ತರುತ್ತದೆ ಎಂದು ಮಾತು ಕೊಟ್ಟರು. ಅವರು ಹಿಂತೆಗೆದುಕೊಂಡರು, ಆದರೆ ಕೈಬಿಡಲಿಲ್ಲ. ವರ್ಷಗಳು ಉರುಳಿದವು. 1960ರಲ್ಲಿ ಕಾಯ್ದೆ ಬಂತು, 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಶುರುವಾಯಿತು, ಅದರ ಮೊದಲ ಅಧ್ಯಕ್ಷೆಯಾಗಿ ಅವರೇ ಕೂತರು. ಒಂದು ಮಾತು ಕೊಡಿಸಿಕೊಂಡು, ಅದು ಕಾಯ್ದೆಯಾಗುವವರೆಗೆ ಬೆನ್ನು ಬಿಡದೆ ಇರುವುದು ಹೇಗೆ ಅನ್ನುವುದನ್ನು ನಾವು ಅವರಿಂದ ಕಲಿಯಬೇಕು.

ಇನ್ನೂ ಹಿಂದಕ್ಕೆ ಹೋದರೆ ಅಲ್ಲೂ ಒಂದು ಕತ್ತೆ ಸಿಗುತ್ತದೆ. ಬ್ರಿಟನ್ನಿನ ಸಂಸತ್ತಿನಲ್ಲಿ 1800ರಲ್ಲಿ ಗೂಳಿಗಳ ಮೇಲೆ ನಾಯಿ ಛೂಬಿಡುವ ಆಟ ನಿಲ್ಲಿಸಲು ಮಸೂದೆ ಬಂತು, ಬಿತ್ತು. 1809ರಲ್ಲಿ ಲಾರ್ಡ್ ಅರ್ಸ್ಕಿನ್ ತಂದದ್ದು ಮೇಲ್ಮನೆ ದಾಟಿ ಕೆಳಮನೆಯಲ್ಲಿ ಬಿತ್ತು. ಕೊನೆಗೆ 1822ರಲ್ಲಿ ಐರ್ಲೆಂಡಿನ ಗಾಲ್ವೇಯ ಸಂಸದ ರಿಚರ್ಡ್ ಮಾರ್ಟಿನ್ ಒಂದು ಮಸೂದೆ ಗೆಲ್ಲಿಸಿಕೊಂಡರು. ಅದರಲ್ಲಿ ಇದ್ದದ್ದು ಕುದುರೆ, ಹೇಸರಗತ್ತೆ, ಕತ್ತೆ, ದನ, ಕುರಿ ಇಷ್ಟೇ. ನಾಯಿ ಇಲ್ಲ, ಬೆಕ್ಕು ಇಲ್ಲ. ಜನ ಅವರನ್ನು ಆಡಿಕೊಂಡರು, ಪತ್ರಿಕೆಗಳು ವ್ಯಂಗ್ಯಚಿತ್ರ ಬರೆದವು. ಮಾರ್ಟಿನ್ ಅಷ್ಟಕ್ಕೇ ಮನೆಗೆ ಹೋಗಲಿಲ್ಲ. ಲಂಡನ್ನಿನ ಬೀದಿಯಲ್ಲಿ ತಾವೇ ಓಡಾಡಿ ಕೇಸು ಹಾಕಿಸಿದರು. ತರಕಾರಿ ಮಾರುವವನೊಬ್ಬ ಕತ್ತೆಗೆ ಹೊಡೆದ ಕೇಸಿನಲ್ಲಿ ಗಾಯಗೊಂಡ ಕತ್ತೆಯನ್ನೇ ಕೋರ್ಟಿಗೆ ಕರೆತಂದರು ಅನ್ನುವ ಕಥೆ ಬಹಳ ಪ್ರಸಿದ್ಧ. ಅದರ ಮೇಲೆ 1838ರಲ್ಲಿ ಬರೆದ ಚಿತ್ರವೂ ಇದೆ. ಬೆರಗಾದ ಕೋರ್ಟಿನ ನಡುವೆ ಕತ್ತೆ ನಿಂತಿರುವ ಚಿತ್ರ.

1824ರಲ್ಲಿ ಮಾರ್ಟಿನ್ ಮತ್ತು ಅವರ ಜೊತೆಗಾರರು ಪ್ರಾಣಿ ಹಿಂಸೆ ತಡೆಯಲು ಒಂದು ಸಂಘ ಕಟ್ಟಿದರು, ಅದೇ ಮುಂದೆ ಆರ್‌ಎಸ್‌ಪಿಸಿಎ ಆಯಿತು. 1835ರಲ್ಲಿ ನಾಯಿಗಳೂ ಗೂಳಿಗಳೂ ಕಾಯ್ದೆಯೊಳಗೆ ಬಂದವು. 1809ರಲ್ಲಿ ಸೋತದ್ದನ್ನು 1822ರಲ್ಲಿ ಐದಾರು ಪ್ರಾಣಿಗಳ ಹೆಸರು ಬರೆಸಿ ಗೆದ್ದರು. ಅಲ್ಲಿಂದ ಒಂದೊಂದೇ ಹೆಸರು ಸೇರಿಸುತ್ತಾ ಹೋದರು.

ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದದ್ದು ಇದನ್ನೇ. ನಮ್ಮ ಮನವಿಗಳಲ್ಲಿ "ಪ್ರಾಣಿ ಹಿಂಸೆ ತಡೆಯಲು ಕಠಿಣ ಕ್ರಮ ಕೈಗೊಳ್ಳಬೇಕು" ಎಂದು ಬರೆಯುತ್ತೇವೆ. ಅದನ್ನು ತೆಗೆದುಕೊಂಡ ಶಾಸಕರು "ಖಂಡಿತ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅದರಲ್ಲಿ ಮಾಡುವಂಥದ್ದು ಏನೂ ಇಲ್ಲ. ಯಾವ ಸೆಕ್ಷನ್, ಈಗ ಏನಿದೆ, ಅಲ್ಲಿ ಏನು ಇರಬೇಕು? ಇಷ್ಟು ಬರೆದರೆ ಆ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. 50 ರೂಪಾಯಿ ದಂಡ ಇನ್ನು ಸಾಕು ಎನ್ನುವ 'ನೋ ಮೋರ್ 50' ಎಂಬ ಅಭಿಯಾನ ದೇಶದಲ್ಲೆಲ್ಲ ಜನರ ಬಾಯಿಗೆ ಬಂದದ್ದು ಯಾಕೆ ಅಂದರೆ ಅದರ ಹೆಸರಲ್ಲೇ ಅಂಕಿ ಇತ್ತು.

ಪದ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಹತ್ತಿರದ ಉದಾಹರಣೆ ಕೊಡುತ್ತೇನೆ. ಹಳೆಯ ಐಪಿಸಿಯಲ್ಲಿ, ಅಂದರೆ ಭಾರತೀಯ ದಂಡ ಸಂಹಿತೆಯಲ್ಲಿ, ಪ್ರಾಣಿ ಕೊಲ್ಲುವುದಕ್ಕೆ ಎರಡು ಸೆಕ್ಷನ್ ಇದ್ದವು. 428ರಲ್ಲಿ 10 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಪ್ರಾಣಿ, 2 ವರ್ಷದವರೆಗೆ ಜೈಲು. 429ರಲ್ಲಿ ಆನೆ, ಒಂಟೆ, ಕುದುರೆ, ಹಸು ಮುಂತಾದವು, ಇಲ್ಲವೇ 50 ರೂಪಾಯಿ ಬೆಲೆಯ ಬೇರೆ ಪ್ರಾಣಿ, 5 ವರ್ಷದವರೆಗೆ. ಬೀದಿ ನಾಯಿಯನ್ನು ಕೊಂದ ಕೇಸಿನಲ್ಲಿ ಅದರ ಬೆಲೆ ಎಷ್ಟು ಎಂಬ ಪ್ರಶ್ನೆ ಏಳುತ್ತಿತ್ತು. ಯೋಚಿಸಿ, ಮಾಲೀಕನೇ ಇಲ್ಲದ ನಾಯಿಗೆ ಬೆಲೆ ಕಟ್ಟುವವರು ಯಾರು? ಐಪಿಸಿಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ನಿನಲ್ಲಿ ಈ ಬೆಲೆಯ ಮಾತೇ ಇಲ್ಲ. ಯಾವುದೇ ಪ್ರಾಣಿಯನ್ನು ಕೊಂದರೂ, ವಿಷ ಹಾಕಿದರೂ, ಅಂಗ ಊನ ಮಾಡಿದರೂ 5 ವರ್ಷದವರೆಗೆ ಜೈಲು. ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು. ನಾಲ್ಕೈದು ಪದ ಹೋದದ್ದಕ್ಕೆ ಬೀದಿ ನಾಯಿಗೂ ಪಟ್ಟದಾನೆಗೂ ಒಂದೇ ರಕ್ಷಣೆ ಬಂತು. ಅದೇ ಹೊಸ ಸಂಹಿತೆಯಲ್ಲಿ ಐಪಿಸಿಯ 377ನೇ ಸೆಕ್ಷನ್ ಪೂರ್ತಿ ಬಿದ್ದುಹೋದ್ದರಿಂದ, ಪ್ರಾಣಿಗಳ ಮೇಲಿನ ಲೈಂಗಿಕ ಹಿಂಸೆಗೆ ಅಂತ ಇದ್ದ ಒಂದೇ ಜಾಗವೂ ಹೋಯಿತು. ಅದನ್ನು ಮತ್ತೆ ಬರೆಸಬೇಕಾಗಿದೆ.

ಹಾಗಾದರೆ ಇವತ್ತಿನ ಸ್ಥಿತಿ ಏನು? ಕೊಂದರೆ ಪೊಲೀಸರು ಬರಬಹುದು. ಸಾಯದ ಹಾಗೆ ದಿನಾ ಹಿಂಸೆ ಕೊಟ್ಟರೆ ಬರಲಾಗದು. ಆ ಕತ್ತೆಯ ವಿಷಯದಲ್ಲಿ ಆದದ್ದು ಇದೇ.

ಹಾಗಾಗಿ ನಾನು ದಂಡದ ಮೊತ್ತಕ್ಕಿಂತ ಮೊದಲು ಕೇಳುವುದು 1960ರ ಕಾಯ್ದೆಯಲ್ಲಿ ಯಾವುದಕ್ಕೆ ಪೊಲೀಸರು ನೇರವಾಗಿ ಬರಬಹುದು ಎಂದು ಹೇಳುವ 31ನೇ ಸೆಕ್ಷನ್ನಿನ ಬದಲಾವಣೆ. ಹಿಂಸೆಯ ದೂರನ್ನು ಪೊಲೀಸರು ನೇರವಾಗಿ ತೆಗೆದುಕೊಳ್ಳುವಂತಾಗಬೇಕು. ಆಮೇಲೆ 36ರ ಆ 3 ತಿಂಗಳ ಗಡುವು ಹೋಗಬೇಕು. ಆಮೇಲೆ 3ನೇ ಸೆಕ್ಷನ್. ಪ್ರಾಣಿಯನ್ನು ಇಟ್ಟುಕೊಂಡ ಪ್ರತಿಯೊಬ್ಬರೂ ಅದರ ಕ್ಷೇಮ ನೋಡಿಕೊಳ್ಳಬೇಕು ಎಂದು ಅದರಲ್ಲಿ ಎಷ್ಟು ಚೆನ್ನಾಗಿ ಬರೆದಿದೆ. ಆದರೆ ನೋಡಿಕೊಳ್ಳದಿದ್ದರೆ ಏನು ಎಂದು ಬರೆದಿಲ್ಲ. ಬ್ರಿಟನ್ನಿನ 2006ರ ಕಾಯ್ದೆಯಲ್ಲಿ ಇದಕ್ಕೆ ಒಂದು ಒಳ್ಳೆಯ ದಾರಿಯಿದೆ. ಪ್ರಾಣಿಯ ಆರೈಕೆ ಸರಿಯಿಲ್ಲ ಅಂತ ಕಂಡರೆ ಅಧಿಕಾರಿ ನೋಟಿಸ್ ಕೊಡಬಹುದು. ಏನು ಸರಿಮಾಡಬೇಕು, ಎಷ್ಟು ದಿನದೊಳಗೆ ಎಂದು ಅದರಲ್ಲಿರುತ್ತದೆ. ಹುಣ್ಣು ಅಂಗೈಯಗಲ ಆಗುವ ಮುಂಚೆ, ಬೆರಳಗಲ ಇದ್ದಾಗಲೇ ಬರುವ ಕಾನೂನು ಅದು. ನನಗೆ ಜೈಲಿಗಿಂತ ಈ ನೋಟಿಸ್ ಮೇಲೇ ಆಸೆ ಜಾಸ್ತಿ.

ದಂಡವೂ ಏರಬೇಕು, ಅನುಮಾನವಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರಲ್ಲಿ ಹಿಂಸೆಗೆ ಗರಿಷ್ಠ ಶಿಕ್ಷೆಯನ್ನು 6 ತಿಂಗಳಿಂದ 5 ವರ್ಷಕ್ಕೆ ಏರಿಸಿದರು. ನಮ್ಮಲ್ಲೂ 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹೆದರಿಕೆ ಹುಟ್ಟಿಸುವಂಥ ಶಿಕ್ಷೆ ಬರುವ ಹಾಗೆ ಸಂಸತ್ತು ಕಾಯ್ದೆ ತಿದ್ದಬೇಕು ಎಂದಿತ್ತು. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಂದು ತಿದ್ದುಪಡಿ ಕರಡು ಹೊರಗೆ ತಂದು ಜನರ ಅಭಿಪ್ರಾಯ ಕೇಳಿತು. ನಮ್ಮಲ್ಲಿ ಎಷ್ಟೋ ಜನ ಬರೆದು ಕಳಿಸಿದೆವು. ಕರಡು ಕರಡಾಗಿಯೇ ಉಳಿದಿದೆ.

ಆದರೆ ದಂಡ ಏರಿಸಿ ಎನ್ನುವಾಗ ನನಗೆ ಆ ಕತ್ತೆಯವನ ಮುಖ ಕಣ್ಮುಂದೆ ಬರುತ್ತದೆ. ನಾನು ಹುಣ್ಣು ತೋರಿಸಿ ಕೇಳಿದ್ದೆ, "ಅಣ್ಣಾ, ಇದನ್ನ ನಾಲ್ಕು ದಿನ ಬಿಟ್ಟಿದ್ದರೆ ಆಗ್ತಿರಲಿಲ್ವಾ?" ಅವರು ಹೇಳಿದರು, "ಅಕ್ಕಾ, ಕಂಟ್ರಾಕ್ಟರು ಸಾವಿರ ಇಟ್ಟಿಗೆಗೆ ಇಷ್ಟು ಅಂತ ಕೊಡ್ತಾನೆ. ಸಂಜೆಯೊಳಗೆ ರಸ್ತೆ ಖಾಲಿ ಮಾಡು ಅಂತಾನೆ. ನಾನು ಹದಿನಾರು ಹದಿನಾರು ಹಾಕ್ಕೊಂಡು ಹೋದ್ರೆ ನಾಳೆ ಬೇರೆಯವನ್ನ ಕರೀತಾನೆ." ಅವರ ಕಾಲಲ್ಲಿ ಚಪ್ಪಲಿ ಇರಲಿಲ್ಲ. 50 ರೂಪಾಯಿಯನ್ನು 50 ಸಾವಿರ ಮಾಡಿದರೆ ಮೊದಲು ಅದು ಬೀಳುವುದು ಇವರ ತಲೆಯ ಮೇಲೆ. ಕಂಟ್ರಾಕ್ಟರ್ ಕಾರಿನಿಂದ ಇಳಿಯುವುದೂ ಇಲ್ಲ. ಹಿಂಸೆ ಆಗುವಂತೆ ಮಾಡಿಸಿದವರೂ ಹೊಣೆ ಅನ್ನುವ ಅರ್ಥದ ಪದಗಳು ಕಾಯ್ದೆಯಲ್ಲಿ ಈಗಲೂ ಇವೆ. ಆದರೂ ಕೇಸು ಬೀಳುವುದು ಹಗ್ಗ ಹಿಡಿದವನ ಮೇಲೆಯೇ. ಕೆಲಸ ಕೊಟ್ಟವನ ಹೆಸರು ದೂರಿನಲ್ಲಿ ಮೊದಲು ಬರಬೇಕು, ದೊಡ್ಡ ದಂಡ ಅವನಿಗೆ ಬೀಳಬೇಕು ಎಂದು ನಾವು ಬಾಯಿಬಿಟ್ಟು ಕೇಳದಿದ್ದರೆ ನಾವು ತರುವ ಕಾನೂನು ಬಡವರನ್ನು ಹಿಡಿಯುವ ಬಲೆಯಾಗುತ್ತದೆ. ಈ ವಿಷಯದಲ್ಲಿ ನಮ್ಮ ಕೆಲವು ಗೆಳೆಯರಿಗೂ ನನಗೂ ಜಗಳವಾಗಿದೆ. ನನ್ನ ಮಾತನ್ನು ನಾನು ಬದಲಿಸುವುದಿಲ್ಲ.

ಈಗ, ಯಾರ ಬಾಗಿಲು ತಟ್ಟಬೇಕು? ಎಲ್ಲರೂ ದೆಹಲಿ ಅನ್ನುತ್ತಾರೆ. ಇಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವ ಸಂಗತಿಯೊಂದಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, 17ನೇ ನಮೂದು. ಅಂದರೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಕೇಂದ್ರದ ಕಾಯ್ದೆಗೆ ವಿರುದ್ಧವಾಗುವ ತಿದ್ದುಪಡಿ ತಂದರೆ ರಾಷ್ಟ್ರಪತಿಯ ಒಪ್ಪಿಗೆ ಬೇಕು, ಅಷ್ಟೇ. ಇದು ಪುಸ್ತಕದ ಮಾತಲ್ಲ. ನಮ್ಮ ವಿಧಾನಮಂಡಲವೇ ಇದನ್ನು ಮಾಡಿ ತೋರಿಸಿದೆ. ಕಂಬಳಕ್ಕಾಗಿ 2017ರಲ್ಲಿ ಕರ್ನಾಟಕ ಇದೇ 1960ರ ಕಾಯ್ದೆಗೆ ತಿದ್ದುಪಡಿ ತಂದಿತು. 2018ರ ಆರಂಭದಲ್ಲಿ ರಾಷ್ಟ್ರಪತಿ ಅಂಕಿತ ಹಾಕಿದರು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರದ ತಿದ್ದುಪಡಿಗಳ ಜೊತೆಗೆ ಇದನ್ನೂ ಎತ್ತಿಹಿಡಿಯಿತು.

ಕಂಬಳದ ಬಗ್ಗೆ ಈ ಸಭೆಯಲ್ಲೇ ಎರಡು ಅಭಿಪ್ರಾಯ ಇರಬಹುದು. ಅದನ್ನು ಪಕ್ಕಕ್ಕಿಡಿ. ಒಂದು ವಿನಾಯಿತಿ ಕೊಡಲು ವಿಧಾನಸೌಧದಲ್ಲಿ ಆ ಕಾಯ್ದೆಯ ಪುಟ ತೆರೆಯಲು ಸಾಧ್ಯವಾಯಿತು. ಅದೇ ಪುಟದಲ್ಲಿ 50 ಎಂಬ ಅಂಕಿಯೂ ಇತ್ತು. ಜನ ದೊಡ್ಡ ದನಿಯಲ್ಲಿ ಕೇಳಿದ್ದಕ್ಕೆ ವಿನಾಯಿತಿ ಬಂತು. ಅಂಕಿ ಬದಲಿಸಿ ಎಂದು ಅಷ್ಟು ದೊಡ್ಡ ದನಿಯಲ್ಲಿ ಯಾರೂ ಕೇಳಿರಲಿಲ್ಲ. ಕೋಣ ಓಡಿಸುವವರೂ ನಮ್ಮ ಜೊತೆ ಬರಬಹುದು ಅಂತ ನನಗೆ ನಂಬಿಕೆಯಿದೆ. ತಮ್ಮ ಕೋಣವನ್ನು ಮಗುವಿನ ಹಾಗೆ ನೋಡಿಕೊಳ್ಳುತ್ತೇವೆ ಎಂದು ಹೇಳುವವರು, ಹುಣ್ಣಾದ ಕತ್ತೆಯ ಪರವಾಗಿ ಸಹಿ ಹಾಕಲು ಯಾಕೆ ಹಿಂಜರಿಯುತ್ತಾರೆ? ಹೋಗಿ ಕೇಳೋಣ.

ಕೆಲಸದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಿಮ್ಮ ಜಿಲ್ಲೆಯಲ್ಲಿ ಪ್ರಾಣಿ ದಯಾ ಸಂಘ ಇದೆಯಾ, ಕಳೆದ ಸಲ ಸಭೆ ಯಾವಾಗ ನಡೆಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಪ್ರತಿ ಜಿಲ್ಲೆಯಲ್ಲೂ ಅದು ಇರಬೇಕು ಎಂದು 2001ರ ನಿಯಮಗಳು ಹೇಳುತ್ತವೆ. ನಿಮ್ಮ ಠಾಣೆಯಲ್ಲಿ 11ನೇ ಸೆಕ್ಷನ್ ಅಡಿ ಕಳೆದ ವರ್ಷ ಎಷ್ಟು ದೂರು ಬಂದವು, ಎಷ್ಟು ಕೋರ್ಟಿಗೆ ಹೋದವು, ಎಷ್ಟು ದಂಡ ಬಿತ್ತು ಎಂದೂ ಕೇಳಿ. ಬಂದ ಉತ್ತರವನ್ನು ನಿಮ್ಮ ಶಾಸಕರ ಮುಂದೆ ಇಡಿ. ಒಂದೇ ಹಾಳೆ ಸಾಕು. ಎಡಗಡೆ ಈಗಿರುವ ಪದ, ಬಲಗಡೆ ಇರಬೇಕಾದ ಪದ. ಹಿಂಸೆ ಕಂಡ ದಿನವೇ ಫೋಟೋ, ತಾರೀಕು, ಜಾಗ ಬರೆದಿಟ್ಟುಕೊಳ್ಳಿ. ಆ 3 ತಿಂಗಳು ನೀವು ಅಂದುಕೊಂಡದ್ದಕ್ಕಿಂತ ಬೇಗ ಕಳೆಯುತ್ತದೆ.

"ಮನುಷ್ಯರಿಗೇ ನ್ಯಾಯ ಸಿಗ್ತಿಲ್ಲ, ನಿಮಗೆ ಪ್ರಾಣಿ ಚಿಂತೆ" ಎಂದು ಒಬ್ಬರಾದರೂ ಹೇಳೇ ಹೇಳುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ. 1824ರಲ್ಲಿ ಬ್ರಿಟನ್ನಿನ ಆ ಸಂಘ ಕಟ್ಟಲು ಕೂತವರಲ್ಲಿ ವಿಲ್ಬರ್‌ಫೋರ್ಸ್ ಇದ್ದರು, ಗುಲಾಮರ ವ್ಯಾಪಾರ ನಿಲ್ಲಿಸಲು ಅರ್ಧ ಆಯುಸ್ಸು ಕೊಟ್ಟವರು. ಎರಡೂ ಕೆಲಸ ಒಂದೇ ಮನಸ್ಸಿಗೆ ಹಿಡಿಯುತ್ತದೆ. ಆ ಕತ್ತೆಯ ಹುಣ್ಣು ಮತ್ತು ಅದರ ಯಜಮಾನನ ಬರಿಗಾಲು, ಎರಡನ್ನೂ ನಾನು ನೋಡಿದ್ದು ಒಂದೇ ಗಲ್ಲಿಯಲ್ಲಿ ಅಲ್ವಾ?

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, "ಆ ಕತ್ತೆ ಏನಾಯ್ತು ಮೇಡಂ?" ಹೇಳುವುದನ್ನೇ ಮರೆತಿದ್ದೆ. ಪಶು ಆಸ್ಪತ್ರೆಯ ಡಾಕ್ಟರು ಬಂದು ಹುಣ್ಣು ತೊಳೆದು ಮುಲಾಮು ಹಚ್ಚಿದರು. ಗೋಣಿಯ ನಾರನ್ನು ಚಿಮುಟದಲ್ಲಿ ಒಂದೊಂದೇ ಎಳೆ ತೆಗೆಯಲು ಅರ್ಧ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಅದರ ಯಜಮಾನ ಕಿವಿಯ ಹಿಂದೆ ಕೆರೆಯುತ್ತಾ ನಿಂತಿದ್ದರು. ನಾವು ನಾಲ್ಕು ಜನ ಸೇರಿ ಒಂದಿಷ್ಟು ದಿನದ ಕೂಲಿ ಕೊಟ್ಟೆವು, ಕತ್ತೆಗೆ 11 ದಿನ ರಜೆ ಸಿಕ್ಕಿತು. 12ನೇ ದಿನ ಮತ್ತೆ ಇಟ್ಟಿಗೆ ಹೊತ್ತಿತು. ಎಣಿಸಿದೆ, 24 ಇದ್ದವು.